ಒಂದು ಕಾರು, ಮೂರು ಆಯಿಲ್: ಮೂಡಿಗೆರೆ ತೋಟದ ಮನೆಯ ಒಂದು ಪ್ರಕರಣ

ಡಿಸೆಂಬರ್ ಎರಡನೇ ವಾರ. ಬೆಳಗ್ಗೆ ಆರೂವರೆಗೆ ಭಾವನ ಫೋನ್ ಬಂತು.

"ಕಾರು ಸ್ಟಾರ್ಟ್ ಮಾಡಿದ್ರೆ ಬಾಣಲೆಯಲ್ಲಿ ಜೋಳ ಹುರಿದ ಹಾಗೆ ಸೌಂಡ್ ಬರ್ತದೆ ಮಾರಾಯ. ಕೇಳು."

ಬಾನೆಟ್ ತೆಗೆದು ಫೋನನ್ನು ಇಂಜಿನ್ ಹತ್ತಿರ ಹಿಡಿದರು. ಟಕಟಕಟಕ ಅಂತ ಹತ್ತು ಹದಿನೈದು ಸೆಕೆಂಡ್ ಕೇಳಿತು. ಆಮೇಲೆ ಇಂಜಿನ್ ಸುಮ್ಮನಾಯಿತು. ಹಿಂದೆ ಅಕ್ಕ ಯಾರನ್ನೋ ಕಾಫಿಗೆ ಕರೆಯುವುದು ಮಾತ್ರ ಕೇಳಿಸುತ್ತಿತ್ತು.

ನಾನು ಹಾಸನದಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿದ್ದೇನೆ. ಅದಕ್ಕೂ ಮೊದಲು ಒಂಬತ್ತು ವರ್ಷ ಗ್ಯಾರೇಜಿನಲ್ಲಿ ಕೈ ಕರಿ ಮಾಡಿಕೊಂಡವನು. ಹಾಗಾಗಿ ನಮ್ಮ ಕಡೆಯ ಯಾರ ಗಾಡಿ ಕೆಮ್ಮಿದರೂ ಫೋನ್ ನನಗೇ. ಭಾವನ ತೋಟ ಮೂಡಿಗೆರೆ ಹತ್ತಿರ. ಕಾರು 2013ರ ಸಣ್ಣ ಪೆಟ್ರೋಲ್ ಹ್ಯಾಚ್‌ಬ್ಯಾಕ್, 1.2 ಲೀಟರ್ ಇಂಜಿನ್, ಆಗ 1,32,000 ಕಿ.ಮೀ. ಓಡಿತ್ತು. ಯಾವ ಕಂಪನಿಯದು ಅನ್ನುವುದು ಇಲ್ಲಿ ಬೇಡ. ತಪ್ಪು ಕಾರಿನದ್ದಲ್ಲ.

ಮೊದಲು ಕೇಳಿದ್ದು ಒಂದೇ ಪ್ರಶ್ನೆ. "ಭಾವ, ಕೆಂಪು ಲೈಟ್ ಉರೀತಿದ್ಯಾ? ಎಣ್ಣೆ ಗಿಂಡಿ ಚಿತ್ರ ಇರುತ್ತಲ್ಲ, ಅದು?" ಇಲ್ಲ ಅಂದರು. ಉರಿಯುತ್ತಿರುವುದು ಹಳದಿ, ಇಂಜಿನ್ ಚಿತ್ರದ್ದು. ಸ್ವಲ್ಪ ಸಮಾಧಾನವಾಯಿತು. ಕೆಂಪು ಗಿಂಡಿ ಉರಿದರೆ ಆಯಿಲ್ ಪ್ರೆಶರ್ ಇಲ್ಲ ಅಂತ ಅರ್ಥ. ಆಗ ಮನೆ ಎರಡು ಫರ್ಲಾಂಗ್ ದೂರ ಇದ್ದರೂ ಓಡಿಸಬಾರದು, ಅಲ್ಲೇ ಆಫ್ ಮಾಡಬೇಕು. ಹಳದಿ ಲೈಟ್ ಅಷ್ಟು ಅವಸರ ಮಾಡುವುದಿಲ್ಲ.

ಉಳಿದ ದೂರುಗಳನ್ನು ಒಂದೊಂದಾಗಿ ಹೇಳಿದರು. ಬೆಳಗ್ಗೆ ಮೊದಲ ನಾಲ್ಕೈದು ಕಿ.ಮೀ. ಪಿಕಪ್ ಇಲ್ಲ. 17 ಕೊಡುತ್ತಿದ್ದ ಮೈಲೇಜ್ 15ಕ್ಕೆ ಇಳಿದಿದೆ. ಹಳದಿ ಲೈಟ್ ಎರಡು ದಿನ ಉರಿಯುತ್ತೆ, ಆಮೇಲೆ ತಾನಾಗೇ ಹೋಗುತ್ತೆ.

ಭಾನುವಾರ ಸ್ಕ್ಯಾನರ್ ಹಿಡಿದುಕೊಂಡು ಹೋದೆ. ಕೋಡ್ ಪಿ0011 ಬಂತು. ಕ್ಯಾಮ್‌ಶಾಫ್ಟ್ ಟೈಮಿಂಗ್ ಹೇಳಿದ ಹಾಗೆ ಕೇಳುತ್ತಿಲ್ಲ ಅನ್ನುವ ಕೋಡ್ ಅದು. ಈ ಇಂಜಿನ್‌ನಲ್ಲಿ ವಿವಿಟಿ ಇದೆ. ವಾಲ್ವ್ ಯಾವಾಗ ತೆರೆಯಬೇಕು ಅನ್ನುವುದನ್ನು ಓಡುವಾಗಲೇ ಹಿಂದೆ ಮುಂದೆ ಮಾಡುವ ವ್ಯವಸ್ಥೆ. ಅದನ್ನು ತಿರುಗಿಸುವುದು ಮೋಟಾರ್ ಅಲ್ಲ, ಇಂಜಿನ್ ಆಯಿಲ್‌ನ ಒತ್ತಡ. ಒಂದು ಸಣ್ಣ ಸೊಲೆನಾಯ್ಡ್ ವಾಲ್ವ್ ಆಯಿಲನ್ನು ಬೇಕಾದ ಕಡೆ ಬಿಡುತ್ತದೆ. ಅದರ ಬಾಯಿಗೆ ಟೀ ಸೋಸುವ ಜಾಲರಿಗಿಂತ ಸಣ್ಣ ಜಾಲರಿ.

ಜಾಲರಿ ಕಟ್ಟಿಕೊಂಡಿದೆ ಅಂತ ತೀರ್ಮಾನ ಮಾಡಿಬಿಟ್ಟೆ. ಬಿಚ್ಚಿದೆ. ನೋಡಿದರೆ ಸಾಕಷ್ಟು ಶುಭ್ರವಾಗಿತ್ತು. ಆದರೂ ಬಿಚ್ಚಿದ ಮೇಲೆ ತೊಳೆಯದೆ ಇರುವುದಕ್ಕೆ ಆಗುತ್ತಾ? ತೊಳೆದೆ, ಹಾಕಿದೆ, ಕೋಡ್ ಅಳಿಸಿದೆ. ಮಧ್ಯಾಹ್ನ ಬಿಸಿ ಇಂಜಿನ್‌ನಲ್ಲಿ ಎಲ್ಲ ಚೆನ್ನಾಗೇ ಓಡಿತು. ಅಕ್ಕ ಮಾಡಿದ ಕಡುಬು ತಿಂದು, ದೊಡ್ಡ ಕೆಲಸ ಮುಗಿಸಿದವನ ಹಾಗೆ ವಾಪಸ್ ಬಂದೆ. ಮಂಗಳವಾರ ಬೆಳಗ್ಗೆ ಮತ್ತೆ ಫೋನ್. ಮತ್ತೆ ಜೋಳ.

ನನ್ನ ತಪ್ಪು ಏನು ಅಂದರೆ, ಆಯಿಲ್ ಮಟ್ಟ ನೋಡಿದ್ದೆ, ಆಯಿಲ್ ಯಾವುದು ಅಂತ ಕೇಳಿರಲಿಲ್ಲ. ಡಿಪ್‌ಸ್ಟಿಕ್ ತೆಗೆದು ಎರಡು ಬೆರಳಲ್ಲಿ ಉಜ್ಜಿ ನೋಡುವ ಚಾಳಿ ನಮಗೆಲ್ಲ ಇದೆ. ಅದರಿಂದ ಹೊಲಸಾಗಿದೆಯಾ, ಪೆಟ್ರೋಲ್ ವಾಸನೆ ಇದೆಯಾ ಅಂತ ತಿಳಿಯಬಹುದು. ಗ್ರೇಡ್ ತಿಳಿಯುವುದಿಲ್ಲ. ಬಿಸಿ ಇಂಜಿನ್‌ನಿಂದ ತೆಗೆದರೆ ಎಲ್ಲ ಆಯಿಲೂ ತೆಳುವಾಗೇ ಕಾಣುತ್ತೆ.

ಎರಡನೇ ಸಲ ಹೋದಾಗ ಬಿಲ್ ಕೇಳಿದೆ. ಆಗಸ್ಟ್‌ನಲ್ಲಿ ಪೇಟೆಯ ಒಂದು ಗ್ಯಾರೇಜಿನಲ್ಲಿ ಸರ್ವಿಸ್ ಆಗಿತ್ತು. ಬಿಲ್‌ನಲ್ಲಿ ಬರೆದದ್ದು ಇಷ್ಟೇ: 'ಇಂಜಿನ್ ಆಯಿಲ್ 3 ಲೀ. ಚಿಲ್ರೆ, ಫಿಲ್ಟರ್ 1.' ಯಾವ ಆಯಿಲ್? ಭಾವನಿಗೆ ನೆನಪಿಲ್ಲ. ಅಷ್ಟರಲ್ಲಿ ತೋಟದ ಗೇಟು ತೆಗೆಯುವ ಹುಡುಗ ಅಂದ, "ಅಣ್ಣ, ಉಳಿದ ಆಯಿಲ್ ಗೇಟಿಗೆ ಹಾಕ್ತಿದ್ದೀವಲ್ಲ, ಅದೇನಾ?"

ಪಂಪ್‌ಸೆಟ್ ಮನೆಯಲ್ಲಿ ಅರ್ಧ ಡಬ್ಬಿ ಇತ್ತು. ಮೇಲೆ ದಪ್ಪ ಅಕ್ಷರದಲ್ಲಿ 20ಡಬ್ಲ್ಯೂ-50.

ಕಾರಿನ ಮ್ಯಾನುಯಲ್ ಡ್ಯಾಶ್‌ಬೋರ್ಡ್ ಒಳಗೆ, ಪ್ಲಾಸ್ಟಿಕ್ ಕವರ್‌ನಿಂದ ಹೊರಗೇ ಬಂದಿರಲಿಲ್ಲ. ಅದರಲ್ಲಿ ಮೊದಲ ಆಯ್ಕೆ 5ಡಬ್ಲ್ಯೂ-30. ಕೆಳಗಿನ ಪಟ್ಟಿಯಲ್ಲಿ 5ಡಬ್ಲ್ಯೂ-40 ಕೂಡ ಆಗುತ್ತೆ ಅಂತ ಇತ್ತು. 20ಡಬ್ಲ್ಯೂ-50 ಎಲ್ಲೂ ಇಲ್ಲ.

ಈ ನಂಬರುಗಳನ್ನು ಭಾವನಿಗೆ ಹೇಗೆ ಹೇಳುವುದು ಅಂತ ಯೋಚನೆ ಮಾಡುವಾಗ ಅಡುಗೆಮನೆಯ ಜೋನಿಬೆಲ್ಲದ ಡಬ್ಬಿ ಕಣ್ಣಿಗೆ ಬಿತ್ತು. ಚಳಿಗೆ ಡಬ್ಬಿ ಬಗ್ಗಿಸಿದರೂ ಬೀಳುವುದಿಲ್ಲ. ಬಿಸಿ ದೋಸೆ ಮೇಲೆ ಹಾಕಿದ ತಕ್ಷಣ ಹರಿದು ತಟ್ಟೆಗೆ ಇಳಿಯುತ್ತೆ. ಬೆಲ್ಲ ಅದೇ, ಬದಲಾದದ್ದು ಬಿಸಿ. ಆಯಿಲ್ ಕೂಡ ಹಾಗೇ. ಅದಕ್ಕೇ ಒಂದು ಡಬ್ಬಿ ಮೇಲೆ ಎರಡು ನಂಬರು. ಡಬ್ಲ್ಯೂ ಅಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ನಂಬರು ತಣ್ಣಗಿದ್ದಾಗ ಆಯಿಲ್ ಎಷ್ಟು ಸಲೀಸು ಅಂತ ಹೇಳುತ್ತೆ. ಕಡಿಮೆ ಇದ್ದಷ್ಟೂ ಸಲೀಸು. ಕೊನೆಯ ನಂಬರು 100 ಡಿಗ್ರಿ ಬಿಸಿಯಲ್ಲಿ ಎಷ್ಟು ದಪ್ಪ ಉಳಿಯುತ್ತೆ ಅಂತ. ಜಾಸ್ತಿ ಇದ್ದಷ್ಟೂ ದಪ್ಪ. 5 ಅಂದರೆ 5 ಡಿಗ್ರಿ ಅಲ್ಲ, 50 ಅಂದರೆ 50 ಡಿಗ್ರಿಯೂ ಅಲ್ಲ. ಕೌಂಟರ್‌ನಲ್ಲಿ ವಾರಕ್ಕೆ ಒಬ್ಬರಾದರೂ "ನಮ್ಮ ಕಡೆ 40 ಡಿಗ್ರಿ ಬಿಸಿಲು, 40ರದ್ದೇ ಕೊಡಿ" ಅನ್ನುತ್ತಾರೆ. ನಗು ಬರುತ್ತೆ, ಆದರೆ ನಂಬರು ಇಟ್ಟ ರೀತಿಯೇ ಹಾಗಿದೆ, ಪಾಪ. ಅಮೆರಿಕದ ಎಸ್‌ಎಇ ಅನ್ನುವ ಇಂಜಿನಿಯರುಗಳ ಸಂಘ 1911ರಲ್ಲಿ ಶುರು ಮಾಡಿದ ಗ್ರೇಡ್ ಪದ್ಧತಿಯ ಹೆಸರು ಇಂದಿಗೂ ಡಬ್ಬಿ ಮೇಲೆ ಉಳಿದುಕೊಂಡಿದೆ.

ಲೆಕ್ಕ ಇಷ್ಟವಾಗುವವರಿಗೆ ಸ್ವಲ್ಪ ಲೆಕ್ಕ. ಆಯಿಲ್ ದಪ್ಪವನ್ನು ಸೆಂಟಿಸ್ಟೋಕ್‌ನಲ್ಲಿ ಅಳೆಯುತ್ತಾರೆ. ಕೋಣೆಯ ತಾಪದಲ್ಲಿ ನೀರು ಸುಮಾರು 1. 100 ಡಿಗ್ರಿಯಲ್ಲಿ 30 ಗ್ರೇಡಿನ ಆಯಿಲ್ 9.3ರಿಂದ 12.5ರ ಒಳಗೆ ಇರಬೇಕು. 40 ಗ್ರೇಡ್ 12.5ರಿಂದ 16.3, 50 ಗ್ರೇಡ್ 16.3ರಿಂದ 21.9. ಅಂದರೆ ಬಿಸಿಯಾದ ಮೇಲೆ ನಮ್ಮ ಎರಡು ಆಯಿಲ್ ನಡುವೆ ವ್ಯತ್ಯಾಸ ಒಂದೂಮುಕ್ಕಾಲು ಪಟ್ಟು ಅಷ್ಟೇ. ತಣ್ಣಗಿದ್ದಾಗ ಕಥೆ ಬೇರೆ. ಮೂಡಿಗೆರೆಯ ಡಿಸೆಂಬರ್ ಬೆಳಗು 15 ಡಿಗ್ರಿ ಅಂತ ಇಟ್ಟುಕೊಳ್ಳಿ. ಸಾಮಾನ್ಯವಾಗಿ ಸಿಗುವ ಆಯಿಲ್‌ಗಳ ಡೇಟಾ ಶೀಟ್ ಹಿಡಿದು ಲೆಕ್ಕ ಹಾಕಿದೆ. 5ಡಬ್ಲ್ಯೂ-30 ಸುಮಾರು 220 ಬಂತು. 20ಡಬ್ಲ್ಯೂ-50 ಹತ್ತಿರ ಹತ್ತಿರ 750. ಮೂರು ಪಟ್ಟಿಗೂ ಜಾಸ್ತಿ!

ಟಕಟಕ ಅಲ್ಲಿಂದ ಬಂದದ್ದು. ರಾತ್ರಿಯೆಲ್ಲ ಆಯಿಲ್ ಇಳಿದು ಇಂಜಿನ್ ತಳದ ಚೇಂಬರ್‌ನಲ್ಲಿ ಕೂತಿರುತ್ತದೆ. ಸೆಲ್ಫ್ ಹೊಡೆದ ಮೇಲೆ ಪಂಪ್ ಅದನ್ನು ಎಳೆದು, ಫಿಲ್ಟರ್ ದಾಟಿಸಿ, ಸಣ್ಣ ಸಣ್ಣ ದಾರಿಯಲ್ಲಿ ಮೇಲೆ ವಾಲ್ವ್‌ಗಳ ತನಕ ಕಳಿಸಬೇಕು. 750ರ ದಪ್ಪದ ಆಯಿಲ್ ನಿಧಾನಕ್ಕೆ ಏರುತ್ತದೆ. ಅದು ಬರುವ ತನಕ ಲೋಹಕ್ಕೆ ಲೋಹ ಬಡಿಯುತ್ತಿರುತ್ತೆ. ವಿವಿಟಿಗೂ ಅದೇ ಗತಿ. ಕಂಪ್ಯೂಟರ್ ತಿರುಗು ಅನ್ನುತ್ತೆ, ದಪ್ಪ ಆಯಿಲ್ ಸಣ್ಣ ಕಿಂಡಿಯಲ್ಲಿ ತೆವಳುತ್ತಾ ಬರುತ್ತೆ, ಅಷ್ಟರಲ್ಲಿ ಕಂಪ್ಯೂಟರ್ ಬೇಸರ ಮಾಡಿಕೊಂಡು ಹಳದಿ ಲೈಟ್ ಹಾಕುತ್ತೆ. ಬಿಸಿಯಾದ ಮೇಲೆ ಎಲ್ಲ ಸರಿ. ನಾನು ಮಧ್ಯಾಹ್ನ ಓಡಿಸಿ ಮೋಸ ಹೋದದ್ದೂ ಇದಕ್ಕೇ.

ಭಾವನ ಓಡಾಟದ ರೀತಿ ಇದನ್ನು ಇನ್ನೂ ಕೆಡಿಸಿತ್ತು. ಬೆಳಗ್ಗೆ ಪೇಟೆಗೆ 8 ಕಿ.ಮೀ., ವಾಪಸ್ 8 ಕಿ.ಮೀ. ಮೀಟರ್‌ನಲ್ಲಿ ನೀರಿನ ಬಿಸಿ ಸರಿ ತೋರಿಸುತ್ತೆ. ಆದರೆ ಆಯಿಲ್ ನೀರಿನಷ್ಟು ಬೇಗ ಕಾಯುವುದಿಲ್ಲ, ಹಿಂದೆ ಹಿಂದೆ ಬರುತ್ತೆ. ಅದು ಸರಿಯಾಗಿ ಕಾಯುವ ಹೊತ್ತಿಗೆ ಭಾವ ಸೊಸೈಟಿ ಮುಂದೆ ಕಾರು ನಿಲ್ಲಿಸಿರುತ್ತಾರೆ. ಮೈಲೇಜ್ ಎರಡು ಕಿ.ಮೀ. ಇಳಿದದ್ದಕ್ಕೆ ಇದೂ ಒಂದು ಕಾರಣ. ಅಷ್ಟು ದಪ್ಪ ಆಯಿಲನ್ನು ಕಲಕುವುದಕ್ಕೂ ಪೆಟ್ರೋಲೇ ಬೇಕಲ್ಲ.

ಭಾವ ಸುಲಭಕ್ಕೆ ಒಪ್ಪುವವರಲ್ಲ. "ನಮ್ಮದು ಬಿಸಿ ದೇಶ. ಗಟ್ಟಿ ಆಯಿಲ್ ಬೇಕು ಅಂತ ಅಪ್ಪನ ಕಾಲದಿಂದ ಕೇಳಿದ್ದೀನಿ. ತೆಳು ಆಯಿಲ್ ಹಾಕಿದ್ರೆ ಇಂಜಿನ್ ಸವೆಯಲ್ವಾ?"

ಈ ಮಾತಿಗೆ ಬೇರು ಇದೆ. ಅವರ ಶೆಡ್ಡಿನಲ್ಲಿ ಈಗಲೂ ಹಳೆ ಡೀಸೆಲ್ ಜೀಪ್ ನಿಂತಿದೆ. ಅದಕ್ಕೆ 15ಡಬ್ಲ್ಯೂ-40 ಹಾಕುತ್ತಾರೆ, ಅದೇ ಸರಿ. ಆ ಇಂಜಿನ್ ಮಾಡಿದ್ದೇ ಆ ದಪ್ಪಕ್ಕೆ. ಒಳಗೆ ಬೇರಿಂಗ್ ಸಂದು ದೊಡ್ಡದು, ಆಯಿಲ್ ದಾರಿ ಅಗಲ, ವಿವಿಟಿ ಗಿವಿಟಿ ಏನೂ ಇಲ್ಲ. ತೆಳು ಆಯಿಲ್ ಹಾಕಿದರೆ ಅಲ್ಲಿ ನಿಜವಾಗಿಯೂ ಪ್ರೆಶರ್ ಬೀಳುತ್ತೆ. ಜೀಪಿನ ಅನುಭವವನ್ನು ಕಾರಿಗೆ ಹೊರಿಸಿದ್ದೇ ಎಡವಟ್ಟು.

ಬಿಸಿ ದೇಶದ ಮಾತಿಗೂ ಉತ್ತರ ಇದೆ. ಹೊರಗೆ ರಾಯಚೂರಿನ ಮೇ ತಿಂಗಳಿರಲಿ, ಮೂಡಿಗೆರೆಯ ಡಿಸೆಂಬರ್ ಇರಲಿ, ಥರ್ಮೋಸ್ಟಾಟ್ ಇಂಜಿನ್ ನೀರನ್ನು 90 ಡಿಗ್ರಿ ಆಸುಪಾಸಿನಲ್ಲೇ ಇಡುತ್ತದೆ. ಕಾದ ಆಯಿಲ್ ಸಾಧಾರಣ ಓಡಾಟದಲ್ಲಿ 90ರಿಂದ 110 ಡಿಗ್ರಿ. ಲೋಡ್ ಹೊತ್ತು ಬಿಸಿಲಲ್ಲಿ ಘಾಟ್ ಹತ್ತಿದರೆ ಇನ್ನೂ ಸ್ವಲ್ಪ ಏರುತ್ತೆ, ಇಲ್ಲ ಅನ್ನುವುದಿಲ್ಲ. ಆದರೆ ಊರಿನ ಬಿಸಿಲು 20 ಡಿಗ್ರಿ ಹೆಚ್ಚಾದರೆ ಆಯಿಲ್ ಬಿಸಿ ಪೂರ್ತಿ 20 ಡಿಗ್ರಿ ಏರುವುದಿಲ್ಲ. ಊರಿನ ಬಿಸಿಲು ಕಂಡು ಎರಡು ಗ್ರೇಡ್ ಮೇಲೆ ಹಾರುವಷ್ಟು ಕಾರಣ ಅಲ್ಲಿಲ್ಲ.

ಇಷ್ಟಕ್ಕೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. 5ಡಬ್ಲ್ಯೂ-30 ಹಾಕಿ ಮನೆಗೆ ಹೋಗಬಹುದಿತ್ತು. ಆದರೆ ಆ ಗ್ಯಾರೇಜಿನವನು ದಡ್ಡನಲ್ಲ ಅಂತ ನನಗೆ ಅನ್ನಿಸುತ್ತಿತ್ತು. ಅವನು ಯಾಕೆ 50 ಹಾಕಿದ? ಭಾವನನ್ನು ಕೆದಕಿದಾಗ ಹೊರಗೆ ಬಂತು. ಮಳೆಗಾಲಕ್ಕೆ ಮೊದಲು ಕಾರು ಆಯಿಲ್ ಕುಡಿಯುತ್ತಿತ್ತು. ಸುಮಾರು 1500 ಕಿ.ಮೀ.ಗೆ 1 ಲೀಟರ್ ಟಾಪ್‌ಅಪ್. ಗ್ಯಾರೇಜಿನಲ್ಲಿ "ರಿಂಗ್ ಹೋಗಿರಬಹುದು, ಇಂಜಿನ್ ಇಳಿಸಬೇಕು" ಅಂದಿದ್ದಾರೆ. ರಿಂಗ್ ಅಂದರೆ ಪಿಸ್ಟನ್ ಸುತ್ತ ಕೂರುವ ಬಳೆ. ಭಾವ ಖರ್ಚು ಕೇಳಿ ಬೇಡ ಅಂದಿದ್ದಾರೆ. "ಹಾಗಾದ್ರೆ ಗಟ್ಟಿ ಆಯಿಲ್ ಹಾಕಿ ಓಡಿಸಿ" ಅಂತ ಅವನು ಕೊಟ್ಟ ದಾರಿ ಇದು. ಆಯಿಲ್ ಇಳಿಯುವುದು ಅರ್ಧಕ್ಕರ್ಧ ಕಡಿಮೆಯೂ ಆಗಿತ್ತು.

ಅಂದರೆ ದಪ್ಪ ಆಯಿಲ್ ಒಂದು ಕಾಯಿಲೆಯನ್ನು ಮುಚ್ಚಿ ಇನ್ನೊಂದನ್ನು ತಂದಿತ್ತು. ನಾನು ಸುಮ್ನೆ ತೆಳು ಆಯಿಲ್ ಹಾಕಿದರೆ ಟಕಟಕ ಹೋಗಿ ಆಯಿಲ್ ಕುಡಿಯುವುದು ವಾಪಸ್ ಬರುತ್ತಿತ್ತು. ಆಗ ಬೈಗುಳ ನನಗೆ.

ಕೆಲಸಕ್ಕೆ ಕಾರು ಬಿಡಿ ಅಂದೆ. ಭಾವ ಕೈ ಮುಗಿದರು. ಅರೇಬಿಕಾ ಕೊಯ್ಲು ಮುಗಿದಿರಲಿಲ್ಲ, ಅದಾದ ಮೇಲೆ ರೋಬಸ್ಟಾ. ಆಳುಗಳನ್ನು ಕರೆತರುವುದಕ್ಕೆ, ಬ್ಯಾಂಕಿಗೆ, ಎಲ್ಲದಕ್ಕೂ ಅದೊಂದೇ ಕಾರು. ಮಾರ್ಚ್ ತನಕ ಒಂದು ದಿನವೂ ಬಿಡುವುದಿಲ್ಲ ಅಂದರು.

ಹಾಗಾಗಿ ನಡುವಿನ ದಾರಿ ಹಿಡಿದೆ: 5ಡಬ್ಲ್ಯೂ-40. ಮ್ಯಾನುಯಲ್ ಒಪ್ಪುವ ಆಯಿಲ್. 15 ಡಿಗ್ರಿಯಲ್ಲಿ ಇದು ಸುಮಾರು 290. 750ರ ಮುಂದೆ ಏನೂ ಅಲ್ಲ, 220ಕ್ಕೆ ಹತ್ತಿರ. ಬಿಸಿಯಾದಾಗ 30ಕ್ಕಿಂತ ದಪ್ಪ, ಹಾಗಾಗಿ ಸವೆದ ಸಂದುಗಳಲ್ಲಿ ನುಸುಳುವುದು ಸ್ವಲ್ಪ ಕಡಿಮೆ. ಇನ್ನೊಂದು ಅಳತೆಯೂ ಇದೆ. 150 ಡಿಗ್ರಿ ಬಿಸಿಯಲ್ಲಿ ಜೋರಾಗಿ ಉಜ್ಜಿದಾಗ ಆಯಿಲ್ ಎಷ್ಟು ದಪ್ಪ ಉಳಿಸಿಕೊಳ್ಳುತ್ತೆ ಅಂತ. 30 ಗ್ರೇಡಿಗೆ ಕನಿಷ್ಠ 2.9 ಇರಬೇಕು, 5ಡಬ್ಲ್ಯೂ-40ಕ್ಕೆ ಕನಿಷ್ಠ 3.5. ಬೇರಿಂಗ್ ಕಾಯುವುದು ನಿಜವಾಗಿ ಈ ನಂಬರು. ಡಬ್ಬಿ ಮೇಲೆ ಬರೆಯುವುದಿಲ್ಲ, ಡೇಟಾ ಶೀಟ್ ಹುಡುಕಬೇಕು.

ಹಳೆ ಆಯಿಲ್ ಇಳಿಸಿ, ಫಿಲ್ಟರ್ ಬದಲಾಯಿಸಿ, ಹೊಸದು ಹಾಕಿದೆ. ಮರುದಿನ ಬೆಳಗ್ಗೆ ಟಕಟಕ ಒಂದೆರಡು ಸೆಕೆಂಡ್ ಮಾತ್ರ. ಹಳದಿ ಲೈಟ್ ಮತ್ತೆ ಬರಲಿಲ್ಲ.

ಆಮೇಲೆ ನಿಜವಾದ ಕೆಲಸ ಶುರುವಾಯಿತು. ಆಯಿಲ್ ಎಷ್ಟು ಇಳಿಯುತ್ತೆ, ಎಲ್ಲಿಂದ ಹೋಗುತ್ತೆ? ಕೆಳಗೆ ಸೋರಿಕೆ ಇಲ್ಲ, ಶೆಡ್ಡಿನಲ್ಲಿ ರಟ್ಟು ಹಾಸಿ ನೋಡಿದ್ದೆವು. ಅಳೆಯುವುದರಲ್ಲೇ ಒಂದು ತೊಂದರೆ ಇತ್ತು. ತೋಟದ ಮನೆಯ ಅಂಗಳ ಇಳಿಜಾರು. ಒಂದು ದಿನ ಮುಖ ಮೇಲೆ ಮಾಡಿ, ಇನ್ನೊಂದು ದಿನ ಕೆಳಗೆ ಮಾಡಿ ನಿಲ್ಲಿಸಿದರೆ ಡಿಪ್‌ಸ್ಟಿಕ್ ಬೇರೆ ಬೇರೆ ಮಾತಾಡುತ್ತೆ. ಇಷ್ಟು ದಿನ ಭಾವ ನೋಡಿದ ಲೆಕ್ಕ ಅರ್ಧ ಅಂದಾಜು. ಆ ಮನೆಯಲ್ಲಿ ಸಮತಟ್ಟು ಜಾಗ ಅಂದರೆ ಒಂದೇ, ಕಾಫಿ ಒಣಗಿಸುವ ಕಣ. ಒಂದು ಮೂಲೆಯಲ್ಲಿ ಸುಣ್ಣದಲ್ಲಿ ನಾಲ್ಕು ಗೆರೆ ಎಳೆದು, ವಾರಕ್ಕೊಮ್ಮೆ ಬೆಳಗ್ಗೆ ಇಂಜಿನ್ ತಣ್ಣಗಿದ್ದಾಗ ಅಲ್ಲೇ ನೋಡಿ ಅಂದೆ. ಹಿಂದಿನ ರಾತ್ರಿಯೇ ಕಾರು ಅಲ್ಲಿಗೆ ತರಬೇಕು. ಅದಕ್ಕಾಗಿ ಕಾಫಿ ಹರಡಿದ್ದನ್ನು ಪಕ್ಕಕ್ಕೆ ಎಳೆಯಬೇಕು. ಅಕ್ಕನಿಗೆ ಇದು ಸುತರಾಂ ಇಷ್ಟವಿರಲಿಲ್ಲ. "ನಿಮ್ಮ ಕಾರಿಗೆ ಕಣ ಬೇರೆ ಬೇಕಾ?"

ಪಿಸಿವಿ ವಾಲ್ವ್ ಮೊದಲು ಬದಲಿಸಿದೆ. ಇದು ಬೆರಳುದ್ದದ ಸಾಮಾನು. ಇಂಜಿನ್ ಹೊಟ್ಟೆಯಲ್ಲಿ ತುಂಬುವ ಗ್ಯಾಸನ್ನು ಮತ್ತೆ ಉರಿಯುವುದಕ್ಕೆ ಕಳಿಸುತ್ತದೆ. ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಒಳಗೆ ಕಟಕಟ ಅನ್ನಬೇಕು. ಭಾವನದ್ದು ಅಂಟು ಹಿಡಿದು ಮೂಕವಾಗಿತ್ತು. ಇದು ಕಟ್ಟಿದರೆ ಒಳಗಿನ ಒತ್ತಡ ಏರಿ ಆಯಿಲ್ ಸಿಕ್ಕಿದ ಸಂದಿನಲ್ಲಿ ಹೊರಗೆ ನುಗ್ಗುತ್ತೆ. ಇಂಜಿನ್ ಇಳಿಸುವ ಮಾತಾಡುವ ಮೊದಲು ಇದನ್ನು ಬಿಚ್ಚಿ ನೋಡುವುದಕ್ಕೆ ಐದು ನಿಮಿಷ ಸಾಕಿತ್ತು. ಈ ಒಂದು ವಿಷಯಕ್ಕೆ ಮಾತ್ರ ಆ ಗ್ಯಾರೇಜಿನ ಮೇಲೆ ನನಗೆ ಸಿಟ್ಟಿದೆ.

ಮೊದಲ 1000 ಕಿ.ಮೀ.ಗೆ ಇಳಿದದ್ದು ಸುಮಾರು 400 ಎಂ.ಎಲ್. ಉತ್ತಮ, ಆದರೆ ಮುಗಿದಿಲ್ಲ.

ರಿಂಗ್ ಹೋಗಿದೆಯಾ, ವಾಲ್ವ್ ಸೀಲ್ ಹೋಗಿದೆಯಾ? ಇದನ್ನು ಚಾರ್ಮಾಡಿ ಘಾಟ್ ಹೇಳಿಕೊಟ್ಟಿತು. ಜನವರಿಯಲ್ಲಿ ಧರ್ಮಸ್ಥಳಕ್ಕೆ ಹೊರಟಿದ್ದರು. ಕೊಟ್ಟಿಗೆಹಾರದಿಂದ ಅವರು ಮುಂದೆ, ನಾನು ಹಿಂದೆ ಇನ್ನೊಂದು ಕಾರಿನಲ್ಲಿ. ಸೆಕೆಂಡ್ ಗೇರ್‌ನಲ್ಲಿ ಆಕ್ಸಿಲರೇಟರ್ ಬಿಟ್ಟು ಉದ್ದಕ್ಕೆ ಇಳಿಯಿರಿ, ಮಟ್ಟಸ ರಸ್ತೆ ಸಿಕ್ಕಿದಲ್ಲಿ ಒಮ್ಮೆ ಒತ್ತಿ ಅಂತ ಹೇಳಿದ್ದೆ. ಒತ್ತಿದಾಗೆಲ್ಲ ಒಂದು ಬುಗ್ಗೆ ನೀಲಿ ಹೊಗೆ, ಆಮೇಲೆ ಏನಿಲ್ಲ. ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಇಂಜಿನ್ ಒಳಗೆ ಎಳೆತ ಜಾಸ್ತಿ. ವಾಲ್ವ್ ಕಾಂಡದ ರಬ್ಬರ್ ಸೀಲ್ ಗಟ್ಟಿಯಾಗಿದ್ದರೆ ಆ ಎಳೆತಕ್ಕೆ ಆಯಿಲ್ ಒಳಗೆ ಇಳಿದು ಕೂರುತ್ತೆ, ಮತ್ತೆ ಒತ್ತಿದಾಗ ಉರಿಯುತ್ತೆ. ರಿಂಗ್ ಸವೆದಿದ್ದರೆ ಏರಿನಲ್ಲಿ ಲೋಡ್ ಬಿದ್ದಾಗ ಹೊಗೆ ಬಿಡುತ್ತಲೇ ಇರಬೇಕಿತ್ತು. ವಾಪಸ್ ಘಾಟ್ ಹತ್ತುವಾಗ ಹಿಂದೆಯೇ ಬಂದೆ. ಹೊಗೆ ಇರಲಿಲ್ಲ. ಮನೆಗೆ ಬಂದು ಕಂಪ್ರೆಶನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ನೋಡಿದೆ. ನಾಲ್ಕು ಸಿಲಿಂಡರೂ ಒಂದರ ಹತ್ತಿರ ಒಂದು. ರಿಂಗ್ ಬಚಾವು.

ಹೂಮಳೆ ಬಂದು, ತೋಟಕ್ಕೆ ಸ್ವಲ್ಪ ಬಿಡುವು ಸಿಕ್ಕಿದ ಮೇಲೆ ಏಪ್ರಿಲ್‌ನಲ್ಲಿ ಕಾರು ಹಾಸನಕ್ಕೆ ಬಂತು. ನನ್ನ ಹಳೆ ಜೊತೆಗಾರನ ಗ್ಯಾರೇಜಿನಲ್ಲಿ ಹೆಡ್ ಇಳಿಸದೆಯೇ ಸೀಲ್ ಬದಲಿಸಿದೆವು. ಸ್ಪಾರ್ಕ್ ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಬಿಟ್ಟರೆ ವಾಲ್ವ್ ಒಳಗೆ ಬೀಳದೆ ನಿಲ್ಲುತ್ತೆ, ಮೇಲಿನಿಂದ ಸ್ಪ್ರಿಂಗ್ ಬಿಚ್ಚಿ ಸೀಲ್ ತೆಗೆಯಬಹುದು. ತೆಗೆದ ಸೀಲ್ ಉಗುರಲ್ಲಿ ಒತ್ತಿದರೆ ಬಗ್ಗಲಿಲ್ಲ, ಹುರಿದ ಹುಣಸೆಬೀಜದ ಹಾಗೆ ಗಟ್ಟಿ.

ಇಷ್ಟಾದ ಮೇಲೆ 5ಡಬ್ಲ್ಯೂ-30 ಹಾಕಿದೆ. 40ರಲ್ಲೇ ಮುಂದುವರಿಸಬಹುದಿತ್ತಾ? ಬಹುದಿತ್ತು. ಮ್ಯಾನುಯಲ್ ಬೇಡ ಅನ್ನುವುದಿಲ್ಲ. ಆದರೆ ಭಾವನ ಓಡಾಟ ಅರ್ಧಕ್ಕರ್ಧ ತಣ್ಣನೆಯ ಇಂಜಿನ್‌ನಲ್ಲಿ. ಅಂಥವರಿಗೆ ತೆಳುವೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಇದೇ ಕಾರನ್ನು ಕಲಬುರಗಿಯಲ್ಲಿ ಐದು ಜನ ಹತ್ತಿಸಿಕೊಂಡು ಹೈವೇಯಲ್ಲಿ ದಿನಾ ಓಡಿಸುವವರು ಕೇಳಿದ್ದರೆ ನಾನೇ 5ಡಬ್ಲ್ಯೂ-40 ಕೊಡುತ್ತಿದ್ದೆ. ಮೊದಲ 1000 ಕಿ.ಮೀ.ಗೆ ಕಣದಲ್ಲಿ ನಿಲ್ಲಿಸಿ ನೋಡಿದಾಗ ಇಳಿದದ್ದು 100 ಎಂ.ಎಲ್. ಇದ್ದರೆ ಹೆಚ್ಚು. ಮೈಲೇಜ್ ಮತ್ತೆ 17ರ ಹತ್ತಿರ.

ಈ ಪ್ರಕರಣ ಆದ ಮೇಲೆ ಅಂಗಡಿಯಲ್ಲಿ ನನ್ನ ಪ್ರಶ್ನೆಗಳು ಬದಲಾಗಿವೆ. "ದಪ್ಪ ಆಯಿಲ್ ಕೊಡಿ" ಅಂದವರನ್ನು ಯಾಕೆ ಅಂತ ಕೇಳುತ್ತೇನೆ. ಕೆಲವರಿಗೆ ಕೋಪ ಬರುತ್ತೆ. ಉಲ್ಟಾ ಗಿರಾಕಿಗಳೂ ಇದ್ದಾರೆ. ಹೊಸ ಕಾರುಗಳ ಮ್ಯಾನುಯಲ್‌ನಲ್ಲಿ 0ಡಬ್ಲ್ಯೂ-20, 0ಡಬ್ಲ್ಯೂ-16 ನೋಡಿ, ತೆಳು ಇದ್ದಷ್ಟೂ ಮೈಲೇಜ್ ಅಂತ ತಮ್ಮ 2008ರ ಗಾಡಿಗೂ ಅದನ್ನೇ ಕೇಳುತ್ತಾರೆ. 16 ಅನ್ನುವ ಗ್ರೇಡ್ ಪಟ್ಟಿಗೆ ಸೇರಿದ್ದೇ 2013ರಲ್ಲಿ. ಅದಕ್ಕೆಂದೇ ಮಾಡಿದ ಇಂಜಿನ್‌ಗೆ ಅದು ಸರಿ, ಹಳೆಯದಕ್ಕೆ ಅಲ್ಲ. ಕಂಪನಿಗಳೂ ಪೂರ್ತಿ ಸಾಚಾ ಅಲ್ಲ ಬಿಡಿ. ತೆಳು ಆಯಿಲ್ ಬರೆಯುವುದರ ಹಿಂದೆ ಸರ್ಕಾರದ ಮೈಲೇಜ್ ನಿಯಮದ ಲೆಕ್ಕವೂ ಇರುತ್ತೆ. ಒಂದೇ ಇಂಜಿನ್‌ಗೆ ಒಂದೊಂದು ದೇಶದ ಮ್ಯಾನುಯಲ್‌ನಲ್ಲಿ ಒಂದೊಂದು ಗ್ರೇಡ್ ಬರೆದಿರುವುದೂ ಉಂಟು. ಅದಕ್ಕೇ ಪಟ್ಟಿಯಲ್ಲಿ ಎರಡು ಮೂರು ಗ್ರೇಡ್ ಇದ್ದರೆ ಆ ಪಟ್ಟಿಯ ಒಳಗೇ ನಮ್ಮ ಓಡಾಟಕ್ಕೆ ತಕ್ಕದ್ದು ಆರಿಸಿಕೊಳ್ಳುವುದು ನನ್ನ ರೂಢಿ.

ಬೈಕಿನವರು ಇದನ್ನು ಓದಿ ಕಾರಿನ ಡಬ್ಬಿ ಎತ್ತಿಕೊಂಡು ಹೋಗಬೇಡಿ. ಹೆಚ್ಚಿನ ಬೈಕುಗಳಲ್ಲಿ ಅದೇ ಆಯಿಲ್‌ನಲ್ಲಿ ಕ್ಲಚ್ಚೂ ಮುಳುಗಿರುತ್ತೆ. ನಂಬರು ಒಂದೇ ಇದ್ದರೂ ಡಬ್ಬಿ ಮೇಲೆ ಬೈಕ್ ಕ್ಲಚ್‌ಗೆ ಒಪ್ಪುವ ಗುರುತು, ಜಾಸೊ ಎಂಎ ಅಥವಾ ಎಂಎ2 ಅಂತ ಬರೆದಿರಬೇಕು. ಇಲ್ಲದಿದ್ದರೆ ಕ್ಲಚ್ ಜಾರಬಹುದು.

ಭಾವ ಈಗ ಬಾನೆಟ್ ಒಳಗಡೆ ಬಿಳಿ ಪೇಂಟ್‌ನಲ್ಲಿ '5ಡಬ್ಲ್ಯೂ-30' ಅಂತ ಬರೆಸಿದ್ದಾರೆ. ಪಕ್ಕದಲ್ಲಿ ನಿಂತ ಜೀಪಿನ ಬಾನೆಟ್ ಒಳಗೆ '15ಡಬ್ಲ್ಯೂ-40'. ಉಳಿದ ಅರ್ಧ ಡಬ್ಬಿ 20ಡಬ್ಲ್ಯೂ-50 ಇನ್ನೂ ಪಂಪ್‌ಸೆಟ್ ಮನೆಯಲ್ಲಿದೆ. ಮೊನ್ನೆ ಹೋದಾಗ ನೋಡಿದೆ. ಗೇಟು ಒಂದು ಚೂರೂ ಕಿರ್ ಅನ್ನಲಿಲ್ಲ.